ಕಸದಲ್ಲಿ ಹೋದ ಬಸವನಹುಳು

ಪೆರಿಯನಾಯಕಿ ಬಚ್ಚಲಲ್ಲಿ ಜಾರಿಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಾಗ ತುಡಿಯಲೂರಿನ ಆ ಬೀದಿಯವರೆಲ್ಲ ಅಯ್ಯೋ ಪಾಪ ಅಂದರು. ನೋವಿನ ನಡುವೆಯೂ ಅವಳಿಗೊಂದು ಕುತೂಹಲವಿತ್ತು: ಇನ್ನು ಈ ಮನೆಯ ಕಸ ಗುಡಿಸುವವರು ಯಾರು?

ಮಗ ಕುಮರೇಶನ್ ತಿರುಪ್ಪೂರಿನ ಬನಿಯನ್ ಕಂಪನಿಗೆ ಬೆಳಗಿನ ಬಸ್ಸು ಹಿಡಿದರೆ ಮರಳುವುದು ಕತ್ತಲಾದ ಮೇಲೆ. ಸೊಸೆ ನಿತ್ಯಾ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾಳೆ. ಹೊರಡುವ ಮುಂಚೆ ಅಡುಗೆ, ಬಂದ ಮೇಲೆ ಪಾತ್ರೆ, ಎರಡೂ ಅವಳದ್ದೇ. ಉಳಿದವರು ಪೆರಿಯನಾಯಕಿಯ ಗಂಡ ಸೋಮಸುಂದರಂ. ಹಿತ್ತಲ ಶೆಡ್ಡಿನಲ್ಲಿ ಈಗಲೂ ಒಂದು ಮಗ್ಗ ಓಡಿಸುತ್ತಾರೆ. ಮಗ್ಗಕ್ಕೆ ಉದ್ದಕ್ಕೆ ಬಿಗಿದ ಹಾಸುನೂಲಿನಲ್ಲಿ ಒಂದೇ ಒಂದು ಎಳೆ ಕಡಿದರೂ ದೂರದಿಂದ ಅವರ ಕಣ್ಣಿಗೆ ಬೀಳುತ್ತದೆ. ಕಾಲ ಕೆಳಗಿನ ಕಸ ಮಾತ್ರ ಈವರೆಗೆ ಕಂಡದ್ದಿಲ್ಲ.

ಆ ಭಾನುವಾರ, ಯಾರೂ ಹೇಳದೆ, ಅವರೇ ಎದ್ದು ಪೊರಕೆ ಹಿಡಿದರು. ಮೂಲೆಗಳನ್ನು ಬಿಟ್ಟು ನಡುಮನೆಯನ್ನಷ್ಟೇ ಗುಡಿಸಿದರು. ತಿದ್ದಹೋದರೆ ಪೊರಕೆ ಅಲ್ಲೇ ಬಿಸಾಡುತ್ತಾರೆಂದು ಪೆರಿಯನಾಯಕಿ ತುಟಿ ಹೊಲಿದುಕೊಂಡು ಕೂತಳು. ಹುರುಪು ಬಂದು ಅವರು ಕಿಟಕಿಯ ಕಟ್ಟೆಯನ್ನೂ ಒರೆಸಿದರು; ಅಲ್ಲಿದ್ದ ಚಿಕ್ಕ ತಟ್ಟೆಯ ಧೂಳನ್ನು ಕಸಕ್ಕೆ ಕೊಡವಿ, ಎಲ್ಲವನ್ನೂ ಹಿತ್ತಲ ಕರಿಬೇವಿನ ಬುಡಕ್ಕೆ ಸುರಿದು ಬಂದರು. ಪಕ್ಕದ ಮನೆಯ ಕಲಾ ಕಾಂಪೌಂಡಿನಾಚೆಯಿಂದ ನೋಡಿ, ಇಂಥ ಗಂಡ ಸಿಗಲು ಪುಣ್ಯ ಮಾಡಿರಬೇಕು ಅಂದಳು. ಮದುವೆಯಾದಾಗಿನಿಂದ ತಾನು ಗುಡಿಸಿದ್ದು ಯಾರ ಪುಣ್ಯವೋ ಎಂದು ಪೆರಿಯನಾಯಕಿ ಯೋಚಿಸುತ್ತಿರುವಾಗಲೇ, ಮಹಡಿಯ ಮೇಲೆ ಬಟ್ಟೆ ಒಣಹಾಕಿ ಬಂದ ನಿತ್ಯಾ ಕಿಟಕಿಯ ಮುಂದೆ ನಿಂತುಬಿಟ್ಟಳು.

ತಟ್ಟೆಯಲ್ಲಿದ್ದದ್ದು ಧೂಳಲ್ಲ. ತೊಂಡಾಮುತ್ತೂರಿನಾಚೆಯ ಬೆಟ್ಟದ ಕಾಡಿನಿಂದ, ಅರಣ್ಯ ಇಲಾಖೆಯ ಅನುಮತಿ ಪಡೆದು ತಂದ ತರಗೆಲೆಯ ಪುಡಿಯನ್ನು ಜರಡಿ ಹಿಡಿದು ಹಿಡಿದು ಅವಳು ಹೆಕ್ಕಿದ ಬಸವನಹುಳುವಿನ ಚಿಪ್ಪು, ರಾಗಿಕಾಳಿನಷ್ಟು. ಈ ಜಾತಿಯ ಬಗ್ಗೆ ಈವರೆಗೆ ಯಾರೂ ಬರೆದಿರಲಿಲ್ಲ. ಹೊಸ ಜಾತಿಯೆಂದು ಲೋಕಕ್ಕೆ ಹೇಳಬೇಕಾದರೆ ಮಾದರಿಯಾಗಿ ಒಂದು ಚಿಪ್ಪನ್ನು ಸಂಗ್ರಹಾಲಯದಲ್ಲಿಡಬೇಕು; ಮುಂದೆ ಯಾರಿಗೆ ಅನುಮಾನ ಬಂದರೂ ಅದನ್ನೇ ನೋಡುವುದು. ಸಿಕ್ಕಿದ ಉಳಿದವೆಲ್ಲ ಒಡಕು, ಇಲ್ಲವೇ ಎಳೆಯವು. ಬಲಿತು ಬಾಯಿಯ ಅಂಚು ದಪ್ಪಗಾದದ್ದು ಇದೊಂದೇ. ನಿನ್ನೆ ಕುಂಚದಿಂದ ತೊಳೆದು ಒಣಗಲು ಇಟ್ಟಿದ್ದಳು. ಲೇಖನ ಮುಗಿಯುತ್ತ ಬಂದಿತ್ತು.

"ಈ ತಟ್ಟೇಲಿದ್ದದ್ದನ್ನ ಯಾರು ತೆಗ್ದದ್ದು, ಅತ್ತೆ?"

ಸೋಮಸುಂದರಂ ಪೇಪರಿನ ಹಿಂದೆ ಮರೆಯಾದರು. 'ನಾನೇ' ಎಂಬ ಮಾತು ಪೆರಿಯನಾಯಕಿಯ ನಾಲಗೆಯ ತುದಿಗೆ ಬಂದಿತ್ತು. ಉಕ್ಕಿದ ಹಾಲು, ಕಳೆದ ಬೀಗದ ಕೈ, ಯಾರ ತಪ್ಪಾದರೂ ಅವಳು ಅದೇ ಮಾತು ಹೇಳುತ್ತ ಬಂದವಳು. ಈಗ ಇವರಿಗೆ ಬೈಗುಳ ಬಿದ್ದರೆ ಪೊರಕೆ ಮತ್ತೆ ಮೂಲೆ ಸೇರುತ್ತದೆ, ಕೈ ಕೂಡಿದ ದಿನವೇ ತನ್ನ ಪಾಲಿಗೆ ಬರುತ್ತದೆ. ಆದರೆ ಪಾತ್ರೆ ತೊಳೆದು ಉಳಿದ ಹೊತ್ತನ್ನೆಲ್ಲ ಈ ಹುಡುಗಿ ಆ ಒಂದು ಕಾಳಿಗೆ ಕೊಟ್ಟಿದ್ದಳು. ಅದೂ ಅಲ್ಲದೆ, ಪ್ಲಾಸ್ಟರಿನ ಕೈ ಹೊತ್ತು ಕೂತು ತಾನೇ ಗುಡಿಸಿದೆ ಅಂದರೆ ನಂಬುವವರಾದರೂ ಯಾರು? ತನ್ನ ಬುದ್ಧಿಗೆ ಅವಳಿಗೇ ನಗು ಬಂತು.

"ನಿನ್ ಮಾವ ಗುಡಿಸಿದ್ದು. ಕರಿಬೇವಿನ ಬುಡದಲ್ಲಿ ಅದೆ," ಅಂದಳು. "ಹಾಕಿದವರೇ ಹುಡುಕಿಕೊಡ್ಲಿ."

ಒಂದು ನತ್ತೆಗೆ ಇಷ್ಟು ರಾದ್ಧಾಂತವಾ ಎಂದು ಗೊಣಗುತ್ತಲೇ ಅವರು ಎದ್ದರು. ಮನೆಯಲ್ಲಿ ಬಸವನಹುಳುವಿಗೆ ತಮಿಳಿನ ನತ್ತೆ ಎಂದೇ ಹೆಸರು. ನಿತ್ಯಾ ಬೈಯಲಿಲ್ಲ. ಮೇಲ್ಮಣ್ಣು ಸಮೇತ ಕಸವನ್ನೆಲ್ಲ ಬಾಚಿಸಿ ದೊಡ್ಡ ಪಾತ್ರೆಯ ನೀರಿಗೆ ಹಾಕಿಸಿದಳು. ಒಣಗಿದ ಚಿಪ್ಪಿನೊಳಗೆ ಗಾಳಿಯಿರುತ್ತದೆ, ತೇಲುತ್ತದೆ ಎಂದು ಮಾವನಿಗೆ ವಿವರಿಸಿದಳು. ತೇಲಿಬಂದದ್ದು ಈರುಳ್ಳಿ ಸಿಪ್ಪೆ, ತಲೆಗೂದಲು, ಮತ್ತೆ ಮಗ್ಗದಿಂದ ಹಾರಿಬಂದ ಹತ್ತಿಯ ಎಳೆಗಳ ಉಂಡೆ. ಚಿಪ್ಪು ಕಾಣಲಿಲ್ಲ. ನಿತ್ಯಾಳ ಮುಖ ಸಣ್ಣದಾಯಿತು.

ಸೋಮಸುಂದರಂ ಹತ್ತಿಯುಂಡೆಯನ್ನು ಅಂಗೈಗೆ ತೆಗೆದುಕೊಂಡರು. ಬಿಸಿಲಿಗೆ ಬೆನ್ನು ಕೊಟ್ಟು, ಕನ್ನಡಕ ಮೂಗಿಗಿಳಿಸಿ, ಸಿಕ್ಕು ಬಿಡಿಸತೊಡಗಿದರು, ಒಂದೊಂದೇ ಎಳೆ, ಜಗ್ಗದೆ. ಊಟದ ಹೊತ್ತಾಯಿತು. ತಟ್ಟೆ ಹಾಕು ಎಂದು ಅವರು ಕೇಳಲಿಲ್ಲ. ಅದನ್ನೂ ಪೆರಿಯನಾಯಕಿ ಗಮನಿಸಿದಳು. ಕೊನೆಗೆ ಅವರು ಉಸಿರು ಬಿಡಲೂ ಹೆದರುವವರಂತೆ ಮೆಲ್ಲಗೆ ಕರೆದರು.

"ನಿತ್ಯಾ, ಇದಾ ನೋಡಮ್ಮ."

ನಿತ್ಯಾ ಮಸೂರ ಹಿಡಿದಳು. ಬಾಯಿಯ ಅಂಚು ಒಡೆಯದೆ ಇಡಿಯಾಗಿತ್ತು. ಅವಳು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹಾಗೇ ಕೂತು ನಕ್ಕಳು.

ರಾತ್ರಿಯೂಟಕ್ಕೆ ಕೂತಾಗ ಸೋಮಸುಂದರಂ ಒಂದು ಮಾತು ತೆಗೆದರು: ಹುಡುಕಿದವರ ಹೆಸರನ್ನೇ ನತ್ತೆಗೆ ಇಡುವುದು ನ್ಯಾಯವಲ್ಲವೇ?

"ಕಳೆದವರ ಹೆಸರಿಡೋ ಪದ್ಧತಿ ಅದಾ, ಮೊದ್ಲು ಅದನ್ನ ಕೇಳಿ," ಅಂದಳು ಪೆರಿಯನಾಯಕಿ.

ನಿತ್ಯಾ ನತ್ತೆಗೆ ಅದು ಸಿಕ್ಕಿದ ಬೆಟ್ಟದ ಹೆಸರನ್ನೇ ಇಟ್ಟಳು. ಲೇಖನ ಅಚ್ಚಾಗುವ ಹೊತ್ತಿಗೆ ಅತ್ತೆಯ ಕೈ ಕೂಡಿ ಎಷ್ಟೋ ಕಾಲವಾಗಿತ್ತು. ಕೈ ಕೂಡಿದ ಸುದ್ದಿಯನ್ನು ಪೆರಿಯನಾಯಕಿ ಡಂಗುರ ಸಾರಲಿಲ್ಲ. ಪೊರಕೆಯನ್ನು ವಾಪಸ್ಸೂ ಕೇಳಲಿಲ್ಲ. ಸೋಮಸುಂದರಂ ಈಗ ಮೂಲೆಗಳನ್ನೂ ಗುಡಿಸುತ್ತಾರೆ, ಆದರೆ ಕೇಳದೆ ಏನನ್ನೂ ಎಸೆಯುವುದಿಲ್ಲ. ಮೊನ್ನೆ ಬೆಳಿಗ್ಗೆ ಒಂದು ಲೋಟವನ್ನು ಬೆಳಕಿಗೆ ಹಿಡಿದು ನಿಂತಿದ್ದರು.

"ಇದರ ತಳದಲ್ಲಿರೋದು ಕಸವಾ, ನತ್ತೆಯಾ?"

"ಕಾಫಿ ಗಸಿ," ಅಂದಳು ಪೆರಿಯನಾಯಕಿ, ಕೂತಲ್ಲಿಂದಲೇ. "ತೊಳೆದಿಡಿ."