ಸೆಲ್ಲಿನ ನಡುವಿನ ಕಾಗದದ ಚೂರು

ಇವತ್ತು ಬೆಳಗ್ಗೆ ನನ್ನ ಟಾರ್ಚು ಉರಿಯಲಿಲ್ಲ. ಬಿಚ್ಚಿ ನೋಡಿದರೆ ಎರಡು ಸೆಲ್ಲುಗಳ ನಡುವೆ ಒಂದು ಕಾಗದದ ಚೂರು. ಸಿಟ್ಟು ಬರಬೇಕಿತ್ತು, ನಗು ಬಂತು. ಏಕೆಂದರೆ ಈ ಕುಚೇಷ್ಟೆಯ ಮೂಲಪುರುಷ ನಾನೇ.

ನಂಬದಿದ್ದರೆ ಕೇಣಿಚಿರದಲ್ಲಿ ಯಾರನ್ನಾದರೂ ಕೇಳಿ. ಅಲ್ಲಿ ನಾನು ರಿಪೇರಿ ಅಂಗಡಿ ಇಟ್ಟಿದ್ದಾಗ ಕೆಟ್ಟ ರೇಡಿಯೊಗಳು ನನ್ನ ಕೆಮ್ಮು ಕೇಳಿಯೇ ಹಾಡತೊಡಗುತ್ತಿದ್ದವು. ಅಂಗಡಿ ಮುಚ್ಚಿ, ಕರ್ನಾಟಕದ ಗಡಿಗೆ ಅಂಟಿದ ಹೊಳೆದಂಡೆಯ ಪೆರಿಕಲ್ಲೂರಿಗೆ ಬಂದ ಮೇಲೆ, ಕಾಡಂಚಿನ ಹಾಡಿಯ ಮಕ್ಕಳಿಗೆ ಭಾನುವಾರ ಕರೆಂಟಿನ ಪಾಠ ಶುರುಮಾಡಿದೆ. ಶಾಲೆಯ ಮಲಯಾಳಂಗೆ ಬಾಯಿಬಿಡದ ಮಕ್ಕಳು ನನ್ನ ಜಗಲಿಯಲ್ಲಿ ಕನ್ನಡದಲ್ಲಿ ಜಗಳವನ್ನೇ ಆಡುತ್ತಿದ್ದವು. ಪಾಠವೆಂದರೆ ಇಷ್ಟೇ: ಚೆನ್ನಾಗಿರುವುದನ್ನು ನಾನು ಕದ್ದುಮುಚ್ಚಿ ಕೆಡಿಸುವುದು, ಅವರು ಕಂಡುಹಿಡಿಯುವುದು. ಸೆಲ್ಲಿನ ನಡುವೆ ಕಾಗದ ಇಟ್ಟರೆ ಕರೆಂಟು ಹರಿಯದು, ಕಿತ್ತರೆ ಹರಿಯುತ್ತದೆ. ಬಿಂದು ಎಂಬ ಹುಡುಗಿ ಇದನ್ನು ಮೊದಲ ದಿನವೇ ಹಿಡಿದು ನನ್ನ ಮುಖಕ್ಕೇ ನಕ್ಕಳು.

ಅವಳನ್ನು ಸಾಕಿದ ಅಜ್ಜಿ ಕೆಂಚಿ, ಆ ವರ್ಷ ಕೊಡಗಿನ ಕಾಫಿ ಕೊಯ್ಲಿಗೆ ಮೊಮ್ಮಗಳನ್ನೂ ಕರೆದೊಯ್ಯಲು ಹೊರಟಳು. ಹೋದರೆ ಓದು ಅಲ್ಲಿಗೇ ಮುಗಿದಂತೆ. ನಾನೆಷ್ಟು ವಾದಿಸಿದರೂ ಮುದುಕಿ ಜಗ್ಗಲಿಲ್ಲ.

"ಗೌಡರೇ, ನಿಮ್ಮ ಈ ಆಟದಿಂದ ನಮ್ಮನೆಗೆ ಏನಾರ ಉಪಕಾರ ಆಗ್ಲಿ, ಇವಳ್ನ ಚಿಕ್ಕಮ್ಮನ ಹತ್ರ ಬಿಟ್ಟೋಯ್ತೀನಿ," ಎಂದಳು.

ಅವರ ಬಾಳೆಗೆ ಆನೆ ಬರುತ್ತಿತ್ತು. ಬಂದದ್ದು ತಿಳಿಯದೆ ಹೊರಗೆ ಕಾಲಿಟ್ಟರೆ ಕಥೆ ಮುಗಿಯಿತು. ಮಕ್ಕಳಿಂದ ಬಾಳೆಯ ಸುತ್ತ ದಾರ ಕಟ್ಟಿಸಿದೆ. ದಾರದ ತುದಿಯಲ್ಲಿ ಬಟ್ಟೆ ಕ್ಲಿಪ್ಪು, ಅದರ ಬಾಯಲ್ಲಿ ಎರಡು ತಂತಿ, ತಂತಿಗಳ ನಡುವೆ ಪ್ಲಾಸ್ಟಿಕ್ ಚೂರು. ಆನೆ ದಾರ ಎಳೆದರೆ ಚೂರು ಕಿತ್ತುಬಂದು, ತಂತಿಗಳು ಕೂಡಿ, ಬೆಲ್ಲು ಹೊಡೆಯಬೇಕು. ಬೆಲ್ಲು ನನ್ನದೇ ಆಯ್ಕೆ, ಹೊಳೆಯಾಚೆ ಕರ್ನಾಟಕದವರೂ ಎದ್ದು ಕೂರುವಂಥದ್ದು.

ತೋರಿಸುವ ದಿನ ಕೆಂಚಿಯೆದುರು ಭಾಷಣ ಬಿಗಿದು ದಾರ ಎಳೆದೆ. ಸದ್ದೇ ಇಲ್ಲ. ನೋಡಿದರೆ ಬೆಲ್ಲನ್ನೇ ಬಿಂದು ಬಿಚ್ಚಿಟ್ಟಿದ್ದಾಳೆ. ನಿನ್ನ ಓದಿಗೆ ನೀನೇ ಕಲ್ಲು ಹಾಕಿಕೊಂಡೆಯಲ್ಲ ಎಂದು ರೇಗಿದೆ.

"ಬೆಲ್ ಕೇಳಿ ಆನೆ ಓಡಲ್ಲ ಮಾಷೇ. ಯಾರು ಅಂತ ನೋಡಾಕ್ಕೆ ಮನೆಗೇ ಬತ್ತದೆ," ಎಂದಳು. "ಒಳಗೆ ಬನ್ನಿ."

ಒಳಗೆ ಅಜ್ಜಿಯ ಚಾಪೆಯ ಪಕ್ಕ, ಬೆಲ್ಲಿನ ತಂತಿಗೇ ಸಿಕ್ಕಿಸಿದ ಪುಟ್ಟ ಕೆಂಪು ದೀಪ ಉರಿಯುತ್ತಿತ್ತು. ಆನೆ ಬಂದರೆ ಮಕ್ಕಳ ಬಾಯಿ ಮುಚ್ಚಿ, ಅದು ಹೋಗುವ ತನಕ ಮಿಸುಕದೆ ಕೂರುವುದು ಅವರ ಹಾಡಿಯ ಕ್ರಮ. ರೇಡಿಯೊ ಬಲ್ಲವನಿಗೆ ಇದು ಗೊತ್ತಿರಲಿಲ್ಲ.

ಕೆಂಚಿ ದೀಪವನ್ನು ನೋಡಿದಳು, ದಾರ ಎಳೆದ ನನ್ನನ್ನೂ ನೋಡಿದಳು. "ಈ ಆನೆ ಮಾತು ಜಾಸ್ತಿ ಆಡ್ತದೆ," ಎಂದಳು. ಆ ಸಲ ಕೊಡಗಿಗೆ ಒಬ್ಬಳೇ ಹೋದಳು.

ಈಗ ಬಿಂದು ಪಾಲಿಟೆಕ್ನಿಕ್ಕಿನಲ್ಲಿ ಓದುತ್ತಾಳೆ. ಭಾನುವಾರದ ಪಾಠವೂ ಅವಳದೇ; ನಾನು ಹಿಂದೆ ಕೂತು ತಲೆಹರಟೆ ಮಾಡುತ್ತೇನೆ. ನಿನ್ನೆ ಪಾಠವಿತ್ತು, ಟಾರ್ಚು ಜಗಲಿಯಲ್ಲೇ ಇತ್ತು. ಯಾವ ಮಗುವಿನ ಕೈಚಳಕವೋ, ಕಾಗದವನ್ನು ಇಷ್ಟು ದುಂಡಗೆ ನಾನೂ ಎಂದೂ ಕತ್ತರಿಸಿರಲಿಲ್ಲ.

ಅದನ್ನು ಮತ್ತೆ ಅಲ್ಲೇ ಇಟ್ಟು ಮುಚ್ಚಳ ತಿರುಗಿಸಿದೆ. ಬರುವ ಭಾನುವಾರ, ಟಾರ್ಚು ಯಾಕೆ ಕೆಟ್ಟಿತೋ ತಿಳಿಯುತ್ತಿಲ್ಲವೆಂದು ಆ ಮಕ್ಕಳೆದುರು ಮುಖ ಬಾಡಿಸಿಕೊಂಡು ಕೂರುತ್ತೇನೆ. ಕೇಣಿಚಿರದಲ್ಲಿ ಮಾತ್ರ ಯಾರಿಗೂ ಹೇಳಬೇಡಿ.