ಹೆಗ್ಗದ್ದೆಯ ಗಿರಿಜಕ್ಕ ಮತ್ತು ನನ್ನ ಅರ್ಧ ಪತ್ರ

ಗಿರಿಜಕ್ಕ ಯಾವ ವರದಿಯನ್ನೂ ಮೊದಲ ಪುಟದಿಂದ ಓದುತ್ತಿರಲಿಲ್ಲ. ಕೊನೆಯ ಪುಟ ತೆರೆದು, ಎಲ್ಲಿಂದ ಏನು ತೆಗೆದುಕೊಂಡಿದ್ದೇವೆ ಎಂಬ ಪಟ್ಟಿಯ ಮೇಲೆ ಬೆರಳಿಟ್ಟು, ಅಲ್ಲಿಂದ ಹಿಂದಕ್ಕೆ ಬರುತ್ತಿದ್ದರು. "ಮದುವೆ ಮನೇಲಿ ಚಪ್ಪರ ನೋಡೋರು ನೋಡ್ಲಿ ಕಣೆ. ನಾನು ಮೊದ್ಲು ಅಡಿಗೆ ಮನೆಗೆ ಹೋಗೋಳು" ಎನ್ನುತ್ತಿದ್ದರು. ಮಾತು ಕೇಳಲು ಚೆನ್ನಾಗಿತ್ತು. ಆ ಬೆರಳು ನನ್ನ ವರದಿಯ ಮೇಲೆ ಹರಿದಾಡುವಾಗ ಮಾತ್ರ ನನಗೆ ಹೊಟ್ಟೆಯುರಿಯುತ್ತಿತ್ತು.

ನಾನು ಸಕಲೇಶಪುರದ ಮನೆಯಲ್ಲೇ ಕೂತು ಬರೆಯುವವಳು. ಮುರಿದ ಮೂಳೆಗೆ ಹಾಕುವ ಪ್ಲೇಟು, ಸ್ಕ್ರೂ ತಯಾರಿಸುವ ಕಂಪನಿಯೊಂದಕ್ಕೆ ವರದಿ ಮಾಡಿಕೊಡುವುದು ನನ್ನ ಕೆಲಸ. ಈ ಪ್ಲೇಟಿನಿಂದ ರೋಗಿಗೆ ನಿಜಕ್ಕೂ ಅನುಕೂಲವೇ, ಅಪಾಯವೇನು ಎಂದು ಪ್ರಕಟವಾದ ಸಂಶೋಧನೆಗಳನ್ನೂ ಬಂದ ದೂರುಗಳನ್ನೂ ತೂಗಿ ನೋಡಿ ಬರೆಯಬೇಕು. ಹೊರದೇಶಕ್ಕೆ ಮಾಲು ಕಳಿಸಬೇಕಾದರೆ ಈ ವರದಿ ಬೇಕೇ ಬೇಕು. ಬರೆದವರಿಗೆ ಅದನ್ನು ಬರೆಯುವ ಯೋಗ್ಯತೆ ಇದೆಯೇ ಎನ್ನುವುದಕ್ಕೂ ದಾಖಲೆ ಲಗತ್ತಿಸಬೇಕು. ನಮ್ಮತ್ತೆ ಹೆಮ್ಮೆಯಿಂದ "ನನ್ ಸೊಸೆ ರೈಟರ್" ಅಂದಾಗ ಪಕ್ಕದ ಮನೆಯವರು "ಯಾವ ಎಸ್ಟೇಟಲ್ಲಿ?" ಎಂದು ಕೇಳಿದ್ದರು. ನಮ್ಮ ಕಡೆ ರೈಟರ್ ಅಂದರೆ ತೋಟದ ಆಳುಗಳ ಹಾಜರಿ ಬರೆಯುವವರು.

ಕಂಪನಿಗೆ ಒಬ್ಬ ಮುಖ್ಯ ಬರಹಗಾರರು ಬೇಕಾದಾಗ ಆ ಜಾಗ ನನ್ನದೇ ಅಂದುಕೊಂಡಿದ್ದೆ. ಎಂ.ಫಾರ್ಮ್ ಮಾಡಿದ್ದೆ, ಆರು ವರ್ಷ ದುಡಿದಿದ್ದೆ. ಆದರೆ ವರದಿ ವಿಭಾಗದ ಮುಖ್ಯಸ್ಥ ಶ್ರೀಧರ್ ಇನ್ನೊಂದು ಹೆಸರು ಹೇಳಿದರು. ಹೆಗ್ಗದ್ದೆಯ ಗಿರಿಜಮ್ಮ. ಮಂಗಳೂರಿನ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ ಬಹುಕಾಲ ನರ್ಸ್ ಆಗಿದ್ದವರು. ಆಮೇಲೆ ಅಲ್ಲಿಯೇ ಸಂಶೋಧನೆ ವಿಭಾಗದಲ್ಲಿ ರೋಗಿಗಳ ದಾಖಲೆ ನೋಡಿಕೊಂಡು, ವೈದ್ಯರ ಲೇಖನಗಳನ್ನು ತಿದ್ದಿಕೊಡುತ್ತಿದ್ದವರು. ನಿವೃತ್ತಿಯಾಗಿ ತಮ್ಮನ ಕಾಫಿ ತೋಟದ ಮನೆಗೆ ಬಂದಿದ್ದರು. ಓದಿದ್ದು ನರ್ಸಿಂಗ್ ಡಿಪ್ಲೊಮಾ.

ಶ್ರೀಧರ್ ಇಬ್ಬರಿಗೂ ಒಂದೇ ಪರೀಕ್ಷೆ ಇಟ್ಟರು. ಮಣಿಕಟ್ಟಿನ ಪ್ಲೇಟಿನ ಮೇಲೆ ಒಂದು ವರದಿ, ಆಧಾರಕ್ಕೆ ಅವರೇ ಕೊಟ್ಟ ಸಂಶೋಧನಾ ಲೇಖನ. ಎರಡು ವಾರ ಕಳೆದ ಮೇಲೆ ಸಕಲೇಶಪುರದ ಹೋಟೆಲೊಂದರಲ್ಲಿ ಮೂವರೂ ಕೂತೆವು. ನನ್ನದು ದಪ್ಪ ಪುಸ್ತಕ, ಬಣ್ಣಬಣ್ಣದ ನಕ್ಷೆಗಳು. ಅವರದು ಒಂಬತ್ತು ಹಾಳೆ.

"ನಿಮ್ಮದು ಇಷ್ಟೇನಾ ಗಿರಿಜಮ್ಮ?" ಎಂದರು ಶ್ರೀಧರ್. ನಾನು ಒಳಗೊಳಗೇ ನಕ್ಕೆ.

"ಇಷ್ಟೇಯ ಸಾರ್. ನೀವು ಕೊಟ್ಟ ಲೇಖನ್‌ದಾಗೆ ಇರೋದು ಬೇರೆ ಕಂಪನೀದು, ಟೈಟಾನಿಯಂ ಪ್ಲೇಟು. ನಿಮ್ದು ಸ್ಟೀಲು. ದಪ್ಪಾನೂ ಬೇರೆ ಐತೆ. ಅವ್ರ ಪ್ಲೇಟು ಚೆನ್ನಾಗೈತೆ ಅಂದ್ರೆ ನಿಮ್ದೂ ಚೆನ್ನಾಗೈತೆ ಅಂತ ಹೆಂಗೆ ಬರೀಲಿ?"

"ಎರಡೂ ಸಮಾನ ಅಂತ ನಮ್ಮ ಎಂಜಿನಿಯರುಗಳೇ ಹೇಳಿದ್ದಾರಲ್ಲ."

"ಕಂಪನಿ ಹೇಳ್ತು ಅಂತ ಬರೆಯೋಕಾಗಲ್ಲ ಕಣ್ರೀ. ನಾಳೆ ಅದು ಯಾರ್ದೋ ಕೈಯೊಳಗೆ ಕೂತಿರ್ತೈತೆ."

ಶ್ರೀಧರ್ ನನ್ನ ಪುಸ್ತಕ ತಿರುವಿದರು. ಎರಡೂ ಪ್ಲೇಟು ಸಮಾನ ಎಂದು ನಾನು ಮೂರು ಕಡೆ ಬರೆದಿದ್ದೆ, ಒಂದು ಕಡೆ ದಪ್ಪಕ್ಷರದಲ್ಲಿ. ಕಾಫಿ ಕುಡಿದು ಮುಗಿಸುವ ಹೊತ್ತಿಗೆ ಜಾಗ ಗಿರಿಜಕ್ಕನದಾಗಿತ್ತು. ಅಂದಿನಿಂದ ನನ್ನ ಪ್ರತಿ ವರದಿಯೂ ಅವರ ಕೈ ದಾಟಿಯೇ ಹೋಗಬೇಕಾಯಿತು.

ಅವರು ಒರಟಾಗಿ ತಿದ್ದಿದವರಲ್ಲ. ಅಂಚಿನಲ್ಲಿ ಪೆನ್ಸಿಲಿನಿಂದ "ಯಾರು ನೋಡಿದ್ದು?" ಎಂದೋ "ಎಷ್ಟು ದಿನದ ಮೇಲೆ?" ಎಂದೋ ಬರೆಯುತ್ತಿದ್ದರು. ಪ್ರಶ್ನೆ ಸರಿಯಾಗಿಯೇ ಇರುತ್ತಿತ್ತು. ಅದೇ ನನಗೆ ಸಹಿಸಲಾಗದ ಸಂಗತಿ. ಫೋನಿನಲ್ಲಿ ಶ್ರೀಧರ್ "ಗಿರಿಜಮ್ಮ ನೋಡಿದ್ರಾ?" ಎಂದು ಕೇಳಿದಾಗಲೆಲ್ಲ, ನನ್ನ ಗಂಡ ಎದುರಿಗಿದ್ದರೆ ಅವರ ಮೇಲೆ ರೇಗುತ್ತಿದ್ದೆ.

ಒಂದು ದಿನ ಕಂಪನಿಯ ಹಿರಿಯರಿಗೆ ಪತ್ರ ಬರೆದುಬಿಟ್ಟೆ. ಗಿರಿಜಮ್ಮನವರಿಗೆ ಪದವಿ ಇಲ್ಲ, ನಿಯಮ ಪದವಿ ಕೇಳುತ್ತದೆ, ಹೊರದೇಶದ ಪರಿಶೀಲಕರು ವರದಿಯನ್ನೇ ತಳ್ಳಿಹಾಕಬಹುದು ಎಂದು. ಪದವಿ ಇಲ್ಲದವರಿಗೆ ದೀರ್ಘ ಅನುಭವದ ದಾಖಲೆಯೂ ನಡೆಯುತ್ತದೆ ಎನ್ನುವ ಸಾಲು ಅದೇ ನಿಯಮದ ಕೆಳಗೇ ಇತ್ತು. ಅದನ್ನು ಓದಿದ್ದೆ. ಬರೆಯಲಿಲ್ಲ.

ವಾರದೊಳಗೆ ಶ್ರೀಧರ್ ಫೋನ್ ಮಾಡಿದರು. "ಗಿರಿಜಮ್ಮನ ಅನುಭವದ ದಾಖಲೆ ಪೂರ್ತಿಯಾಗಿ ಫೈಲಿಗೆ ಬೇಕು. ನೀವೇ ಹೋಗಿ ಬರೆದುಕೊಂಡು ಬನ್ನಿ. ಅವರಿಗೆ ತಮ್ಮ ಬಗ್ಗೆ ತಾವೇ ಬರೆಯೋಕೆ ಆಗ್ತಿಲ್ವಂತೆ."

ಹೆಗ್ಗದ್ದೆಯ ಬಸ್ಸಿನಲ್ಲಿ ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡೇ ಕೂತಿದ್ದೆ. ಅವರ ಮನೆಯ ಜಗಲಿಯಲ್ಲಿ ಗೋಣಿಯ ಮೇಲೆ ಮೆಣಸು ಒಣಗುತ್ತಿತ್ತು. ಗಿರಿಜಕ್ಕ ಪ್ಲಾಸ್ಟಿಕ್ ಕವರಿನಿಂದ ಪ್ರಮಾಣಪತ್ರಗಳನ್ನು ಒಂದೊಂದಾಗಿ ತೆಗೆದಿಟ್ಟರು. ನಾನು ಬರೆಯುತ್ತಾ ಹೋದೆ. ಯಾವ ಯಾವ ಶಸ್ತ್ರಚಿಕಿತ್ಸೆ, ಯಾವ ಯಾವ ಪ್ಲೇಟು, ಯಾವ ಅಧ್ಯಯನ. ಪುಟ ತುಂಬಿತು, ಇನ್ನೊಂದು ಪುಟ ತುಂಬಿತು. ನನ್ನದನ್ನು ಬರೆದರೆ ಒಂದು ಪುಟವೂ ತುಂಬುತ್ತಿರಲಿಲ್ಲ.

"ಇಷ್ಟೊಂದು ಅನುಮಾನ ಎಲ್ಲಿಂದ ಬಂತು ನಿಮಗೆ?" ಎಂದು ಕೇಳಿದೆ. ಕೇಳಿದ ದನಿ ಚುಚ್ಚುವಂತೆಯೇ ಇತ್ತು.

ಅವರು ಕಾಗದ ಜೋಡಿಸುವುದನ್ನು ನಿಲ್ಲಿಸಿದರು. "ಒಬ್ಳು ಆಸ್ಪತ್ರೆಗೆ ಬಂದಿದ್ಲು. ಮೆಣಸು ಕೊಯ್ಯೋವಾಗ ಏಣಿಯಿಂದ ಬಿದ್ದು ಕೈ ಮುರ್ಕೊಂಡಿದ್ಲು. ಪ್ಲೇಟು ಹಾಕಿ ಕಳಿಸಿದ್ವಿ. ಆಮೇಲೆ ಎರಡು ಸಲ ಬಂದು, ಸಿಸ್ಟರ್ ಏನೋ ಒಳಗೆ ಉಜ್ತೈತೆ ಅಂದ್ಲು. ಎಕ್ಸ್‌ರೇ ಚೆನ್ನಾಗೈತೆ ಅಂದ್ರು ಡಾಕ್ಟ್ರು. ಮೂರನೇ ಸಲ ಬಂದಾಗ ಹೆಬ್ಬೆಟ್ಟು ಎತ್ತೋಕೇ ಆಗ್ಲಿಲ್ಲ. ಸ್ಕ್ರೂ ತುದಿ ಆಚೆ ಬಂದು ಅದನ್ನ ಎತ್ತೋ ಸ್ನಾಯು ಹುರಿನ ಸವೆಸ್ಬುಟ್ಟಿತ್ತು."

"ಅದು ನಿಮ್ಮ ತಪ್ಪಲ್ಲವಲ್ಲ."

"ಅವ್ಳು ಎರಡು ಸಲ ಬಂದಾಗ್ಲೂ ಫೈಲ್‌ನಾಗೆ 'ತೊಂದರೆ ಇಲ್ಲ' ಅಂತ ಬರೆದೋಳು ನಾನೇ ಕಣೆ."

ನಾನು ತಲೆ ತಗ್ಗಿಸಿ ಬರವಣಿಗೆ ಮುಂದುವರಿಸಿದೆ. ವಿದ್ಯಾರ್ಹತೆಯ ಜಾಗ ಬಂದಾಗ ಕೈ ತಡೆಯಿತು. ಗಿರಿಜಕ್ಕ ಬಗ್ಗಿ ನೋಡಿದರು.

"ಪದವಿ ಇಲ್ಲ ಅಂತ್ಲೇ ಬರಿ. ನಿನ್ ಪತ್ರದಾಗೆ ಬರ್ದಿದ್ದು ಸುಳ್ಳೇನಲ್ಲ."

ಪೆನ್ನು ಕೆಳಗಿಟ್ಟೆ. "ನಿಮಗೆ ಗೊತ್ತಾ?"

"ಶ್ರೀಧರ್ ಸಾರ್ ತೋರಿಸಿದ್ರು. ಅರ್ಧ ನಿಯಮ ಬರೆದು ಇನ್ನರ್ಧ ಬುಟ್ಬುಟ್ಟಿದ್ದೆ. ನಂಗೆ ಬೇಜಾರಾಗಿದ್ದು ಅದಕ್ಕೆ. ಇಷ್ಟು ಓದಿರೋಳು ಹಂಗೆ ಮಾಡ್ಬಾರ್ದು." ಕಾಗದಗಳನ್ನು ಮತ್ತೆ ಕವರಿಗೆ ಹಾಕುತ್ತಾ, "ಅಕ್ಕಿರೊಟ್ಟಿ ಮಾಡಿವ್ನಿ, ತಿಂದ್ಕಂಡು ಹೋಗು. ಬಸ್ಸಿಗೆ ಇನ್ನೂ ಟೈಮೈತೆ" ಎಂದರು.

ತಿಂದೆ. ಕ್ಷಮೆ ಕೇಳಬೇಕಿತ್ತು, ಕೇಳಲಿಲ್ಲ. ಅವರು ಬೈದಿದ್ದರೆ ನನ್ನ ಹೊಟ್ಟೆಕಿಚ್ಚು ತಣ್ಣಗಾಗುತ್ತಿತ್ತೋ ಏನೋ. ರೊಟ್ಟಿ ಬಡಿಸಿದ್ದಕ್ಕೆ ಇನ್ನಷ್ಟು ಹೆಚ್ಚಾಯಿತು. ಒಳ್ಳೆಯತನದಲ್ಲೂ ಇವರೇ ಮುಂದೆ ಹೋದರಲ್ಲ ಅನಿಸಿತು.

ಆಮೇಲೆ ಎರಡು ವರ್ಷ ಜೊತೆಗೆ ಕೆಲಸ ಮಾಡಿದೆವು. ಕೊನೆಯ ಸಲ ನೋಡಿದ್ದು ಸಕಲೇಶಪುರದ ಬಸ್ ನಿಲ್ದಾಣದಲ್ಲಿ. ಹಾಸನದಲ್ಲಿ ಹೃದಯದ ಡಾಕ್ಟರಿಗೆ ತೋರಿಸಿ ಬರುತ್ತಿದ್ದರು. "ಸ್ಟೆಂಟ್ ಹಾಕ್ತಾರಂತೆ. ಯಾವ ಕಂಪನೀದು ಅಂತ ಕೇಳ್ದೆ, ಡಾಕ್ಟ್ರಿಗೆ ಸಿಟ್ಟೇ ಬಂದ್ಬುಡ್ತು" ಎಂದು ನಗುತ್ತಾ ಹೆಗ್ಗದ್ದೆ ಬಸ್ಸು ಹತ್ತಿದರು. ಸ್ಟೆಂಟ್ ಹಾಕಿಸುವ ದಿನ ಬರುವ ಮುಂಚೆಯೇ ಹೋಗಿಬಿಟ್ಟರು.

ಶ್ರೀಧರ್ ಫೋನಿನಲ್ಲಿ ಸುದ್ದಿ ಹೇಳಿದಾಗ ನನ್ನ ಮನಸ್ಸಿಗೆ ಮೊದಲು ಬಂದದ್ದು ದುಃಖವಲ್ಲ. ಇನ್ನು ಆ ಜಾಗ ನನ್ನದು ಎಂಬ ಯೋಚನೆ. ಅದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ಜಾಗ ಸಿಕ್ಕಿತು. ಮುಖ್ಯ ಬರಹಗಾರ್ತಿಯಾಗಿ ನಾನು ಬರೆದ ಮೊದಲ ವರದಿಯನ್ನು ಕಳಿಸಿದ ಮರುದಿನವೇ ಶ್ರೀಧರ್ ಫೋನ್ ಮಾಡಿದರು. "ಒಂದು ತಿದ್ದುಪಡಿಯೂ ಇಲ್ಲ, ತುಂಬಾ ಚೆನ್ನಾಗಿದೆ. ಸಂಜೆ ಹೊರದೇಶಕ್ಕೆ ಕಳಿಸ್ತೀನಿ."

ಇಷ್ಟು ವರ್ಷ ಕಾದಿದ್ದ ಮಾತು. ಕೇಳಿದ ಮೇಲೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ವರದಿ ತೆರೆದು ಮತ್ತೆ ಓದತೊಡಗಿದೆ. ಮಧ್ಯಾಹ್ನದ ಹೊತ್ತಿಗೆ ಸಿಕ್ಕಿತು: ದೊಡ್ಡವರಿಗೆಂದೇ ಮಾಡಿದ ನಮ್ಮ ಸ್ಕ್ರೂವಿಗೆ, ಮಕ್ಕಳ ಮೇಲೆ ನಡೆದ ಅಧ್ಯಯನವೊಂದನ್ನು ಆಧಾರವಾಗಿ ಕೊಟ್ಟಿದ್ದೆ. ಯಾರೂ ನೋಡಿರಲಿಲ್ಲ. ಇನ್ನು ನೋಡುವವರೂ ಇರಲಿಲ್ಲ.

ಶ್ರೀಧರ್‌ಗೆ ಫೋನ್ ಮಾಡಿ, "ಕಳಿಸಬೇಡಿ ಸಾರ್, ತಪ್ಪಿದೆ" ಎಂದೆ. ಫೋನಿಟ್ಟ ಮೇಲೆ, ಗಿರಿಜಕ್ಕ ಹೋದಾಗ ಬಾರದ ಅಳು ಬಂತು.