ನತ್ತಿನ ಜಾಗ

ತಿಂಗಳು ತುಂಬದೆ ಹುಟ್ಟಿದ ನನ್ನ ಮಗಳಿಗೆ, ಅಂದರೆ ನಿಮ್ಮ ಅವ್ವನಿಗೆ, ಎಡಹೊಳ್ಳೆಯಲ್ಲಿ ಗಾಳಿಯ ನಳಿಕೆ ಹಾಕಿದ್ದರು. ದವಾಖಾನೆಯ ನರ್ಸಬಾಯಿ ಮತ್ತೆ ಮತ್ತೆ ಬಂದು ಅದು ಒತ್ತಿ ಗಾಯವಾಗದಂತೆ ಸಡಿಲಿಸಿ, ಕಿರುಬೆರಳಿನಿಂದ ಹೊಳ್ಳೆ ಮುಟ್ಟಿ ನೋಡುತ್ತಿದ್ದರು. “ನತ್ತಿಗಿ ಜಾಗಾ ಬಿಡಬೇಕವ್ವ” ಎಂದು ಪ್ರತಿಸಲವೂ ನಗುತ್ತಿದ್ದರು.

ಒಂದು ಮಧ್ಯಾಹ್ನ ನಳಿಕೆ ಜಾರಿತು. ಅವರನ್ನು ಕರೆಯಲು ನಾಚಿ, ಉಸಿರು ನಿಂತೀತೆಂದು ಹೆದರಿ, ನಾನೇ ಅದನ್ನು ಮತ್ತೆ ಸೇರಿಸಿ ಅಂಟುಪಟ್ಟಿಯನ್ನು ಬಿಗಿದು ಅಂಟಿಸಿದೆ. ಸಂಜೆ ಅವರು ಬಿಚ್ಚಿದಾಗ ಎಡಹೊಳ್ಳೆಯ ಅಂಚು ಹುಣ್ಣಾಗಿತ್ತು.

“ನಾನ ಬಿಗದೇನ್ರಿ ಬಾಯಾರ” ಎಂದು ಅಳತೊಡಗಿದೆ.

ಅವರು ಬೈಯಲಿಲ್ಲ. ಹುಣ್ಣು ಒರೆಸಿ, ನಳಿಕೆಯನ್ನು ಬಲಹೊಳ್ಳೆಗೆ ಸಡಿಲವಾಗಿ ಇಟ್ಟರು. “ಅಳಬ್ಯಾಡ ತಂಗಿ. ಕೂಸಿಗೆ ಉಸಿರ ಚಲೋ ಐತಿ. ನತ್ತ ಬಲಕ್ಕ ಹಾಕಿದ್ರಾತು.”

ಮುಂದೆ ನಿಮ್ಮ ಅವ್ವನ ಮೂಗು ಚುಚ್ಚಿಸುವಾಗ ಅಕ್ಕಸಾಲಿಗ, “ಎಲ್ಲಾರೂ ಎಡಕ್ಕ ಚುಚ್ಚಸ್ತಾರಲ್ರಿ?” ಎಂದ.

ಆ ದಿನ ನಾನು ನಾಚಲಿಲ್ಲ. “ನಮ್ಮ ಬಾಯಾರು ಬಲಕ್ಕ ಅಂದಾರ್ರಿ” ಎಂದೆ.